ಬೇರೆ ಒಲೆ

ಸ್ಕೂಲಿನ ಅಂಗಳದಲ್ಲಿ ನಿಲ್ಲಿಸಿದ್ದ ಕಲ್ಲಿನ ಮೇಲಿದ್ದ ಬಟ್ಟೆಯನ್ನು ಅಮಲ್ದಾರರು ಸರಿಸಿದರು. ಆತಗೂರು ಸೀಮೆಯಿಂದ ಹೋಗಿ ಮಲಯಾದ ಯುದ್ಧದಲ್ಲಿ ಸತ್ತ ಮೂವರು ಸಿಪಾಯಿಗಳ ಹೆಸರು ಅದರಲ್ಲಿತ್ತು. ತಿರುಗಿ ಬಂದವರು ಎರಡು ಮಾತಾಡಲಿ ಎಂದು ಪಟೇಲ ಕರಿಯಪ್ಪ ಬೋರಯ್ಯನನ್ನು ಕರೆದರು.

ಏಳುವಾಗ, ಯುದ್ಧದಿಂದ ಅವನ ಜೊತೆಗೇ ತಿರುಗಿ ಬಂದು ಈಗ ಪಕ್ಕದಲ್ಲಿ ಕೂತಿದ್ದ ವಹಾಬ್ ಅವನ ಅಂಗಿ ಹಿಡಿದ. "ಮುದ್ದಮ್ಮನ ಹೆಸ್ರೂ ಕಲ್ಲಿಗೆ ಹಾಕ್ಸಿ ಅಂತ ಕೇಳ್ಲಾ. ನಾನು ಕೇಳುದ್ರೆ ನಡೆಯಕಿಲ್ಲ. ಪಟೇಲ್ರು ನಿಮ್ಮೋರು."

"ಕೇಳ್ತೀನಿ ಬುಡ್ಲಾ," ಎಂದ ಬೋರಯ್ಯ. ಕೇಳಬೇಕೆಂದೇ ಬಂದಿದ್ದ.

"ನಮ್ ಪಟಾಲಮ್ಮು ಚೆದುರೋದಾಗ ನಾನೂ ವಹಾಬೂ ರಬ್ಬರ್ ತೋಟದಲ್ಲಿ ದಾರಿ ತಪ್ಪಿದ್ದೋ," ಎಂದು ಶುರುಮಾಡಿದ. "ಅಲ್ಲಿಗೆ ಕೂಲಿಗೋಗಿದ್ದ ಮಳವಳ್ಳಿ ಕಡೆಯೋಳು, ಮುದ್ದಮ್ಮ ಅಂತ. ಗಂಡ ಸತ್ತು ಒಬ್ಳೇ ಇದ್ಲು. ನಮ್ ಮಾತು ಕಿವಿಗೆ ಬಿದ್ದೇಟ್ಗೆ ಒಳಕ್ಕೆ ಕರ್ದ್ಲು. ಇಪ್ಪತ್ತು ದಿನ ಜಪಾನಿನೋರ ಕಣ್ಣಿಗೆ ಬೀಳ್ದಂಗೆ ಮಡೀಕಂಡಿದ್ಲು."

"ಯಾವ ಜನ ಅವ್ಳು?" ಪಟೇಲರು ನಡುವೆ ಕೇಳಿದರು.

"ಕೇರಿಯೋಳು."

ಪಟೇಲರು ಮುಂದಕ್ಕೆ ಬಾಗಿದರು. "ಇಪ್ಪತ್ತು ದಿನಾನೂ ಅವ್ಳ ಕೈಲೇ ಉಂಡ್ಯಾ?"

ಬೋರಯ್ಯ ಹೆಂಗಸರ ನಡುವೆ ಕೂತಿದ್ದ ತಾಯಿ ಹೊಂಬಾಳಮ್ಮನ ಮುಖ ನೋಡಿದ. "ಇಲ್ಲ," ಎಂದ. "ಇತ್ಲಲ್ಲಿ ಬೇರೆ ಒಲೆ ಹೂಡಿಸ್ಕಂಡಿದ್ದೆ. ನಾನೇ ಬೇಯಿಸ್ಕಂತಿದ್ದೆ."

ಪಟೇಲರು ಜನರತ್ತ ತಿರುಗಿದರು. "ನೋಡ್ರಪ್ಪ, ಜೀವ ಓಗೋ ಒತ್ನಲ್ಲೂ ನಮ್ ಹೈದ ಕುಲ ಬುಡ್ನಿಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೋರಯ್ಯ ಹೇಳಿದ್ದು ನಿಜವೇ. ಆ ಒಲೆಗೆ ಮಣ್ಣು ಕಲಸಿ ಕೊಟ್ಟವಳು ಮುದ್ದಮ್ಮನೇ. "ನಿಮ್ ಮನಸ್ಗೆ ಒಪ್ಪಿದಂಗಿರ್ಲಿ, ನನ್ಗೇನು ಬೇಜಾರಿಲ್ಲ," ಎಂದಿದ್ದಳು. ವಹಾಬ್ ಅವಳು ಬಡಿಸಿದ್ದನ್ನೇ ಉಣ್ಣುತ್ತಿದ್ದ. ಇಪ್ಪತ್ತನೆಯ ದಿನ ಹಿತ್ತಿಲಿನ ಹೊಗೆ ಕಂಡು ಜಪಾನಿನವರು ನುಗ್ಗಿದರು. ಇವರಿಬ್ಬರೂ ಪೊದೆಯೊಳಗೆ ಉರುಳಿಕೊಂಡರು. ಜಪಾನಿನವನೊಬ್ಬ ಎರಡು ಒಲೆ ಯಾಕೆ ಎಂಬಂತೆ ಒಳಗಿನ ಒಲೆಗೊಮ್ಮೆ, ಹಿತ್ತಿಲ ಒಲೆಗೊಮ್ಮೆ ಬೆರಳು ತೋರಿಸಿದ. ಮುದ್ದಮ್ಮ ಎರಡೂ ತನ್ನವೇ ಎಂದು ಎದೆ ತಟ್ಟಿ ತೋರಿಸಿದಳು. ಕೋವಿಯ ಹಿಡಿಯಿಂದ ಅವಳ ತಲೆಗೆ ಹೊಡೆದರು. ವಹಾಬ್ ಏಳಹೋದ. ಬೋರಯ್ಯ ಅವನ ಕುತ್ತಿಗೆ ಅದುಮಿ ಮಲಗಿಸಿದ. ಅವಳು ಸಾಯುವವರೆಗೂ ಕೈ ತೆಗೆಯಲಿಲ್ಲ.

"ಆಮೇಲೆ ಆ ಎಂಗಸು ಏನಾದ್ಲಪ್ಪ?" ಅಮಲ್ದಾರರ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಕೇಳಿದರು.

ವಹಾಬ್ ಎದ್ದು ನಿಂತಿದ್ದ. ಬೋರಯ್ಯನನ್ನೇ ನೋಡುತ್ತಿದ್ದ.

"ಗೊತ್ತಿಲ್ಲ," ಎಂದ ಬೋರಯ್ಯ.

ಹಿಂದಿನ ಸಾಲಿನಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವನು ಅತ್ತ ತಿರುಗಿ ಕೈಮುಗಿದ.