ಪ್ರಿನ್ಸ್ ತಿಂದ ರವೆ ಉಂಡೆ

"ನೋಡೇ, ಮತ್ತೆ ಆ ನಾಯಿ!" ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಾಗ ಅರ್ಧ ರವೆ ಉಂಡೆ ಇನ್ನೂ ನನ್ನ ದವಡೆಯಲ್ಲೇ ಇತ್ತು. ಹಾಗಾಗಿ ದನಿ ಸ್ವಲ್ಪ ದಪ್ಪಗೆ ಬಂತು. ನನಗೆ ಸಿಟ್ಟು ಉಕ್ಕಿದೆಯೆಂದು ನನ್ನ ಹೆಂಡತಿ ರಮಾಮಣಿ ತಿಳಿದುಕೊಂಡಳು.

ಗೋಕುಲಾಷ್ಟಮಿಗೆ ಇನ್ನೆರಡು ದಿನವಿತ್ತು. ಮಡಿಯುಟ್ಟು ಮಾಡಿದ ಉಂಡೆ, ಚಕ್ಕುಲಿ, ಕೋಡುಬಳೆಯೆಲ್ಲ ದೇವರ ಮೀಸಲು. ನೈವೇದ್ಯ ಆಗುವವರೆಗೆ ಮನೆಯವರು ಅದರ ವಾಸನೆಯನ್ನೂ ನೋಡುವ ಹಾಗಿಲ್ಲ. ಅರಸೀಕೆರೆಯ ಹೈಸ್ಕೂಲಿನಲ್ಲಿ ಹುಡುಗರಿಂದ ಇಂದ್ರಿಯನಿಗ್ರಹದ ಮೇಲೆ ಪ್ರಬಂಧ ಬರೆಸುವ ಚಂದ್ರಶೇಖರಯ್ಯ ಮೇಷ್ಟ್ರು, ಅಂದರೆ ನಾನು, ಪ್ರತಿವರ್ಷ ಈ ಎರಡು ದಿನ ಸೋಲುತ್ತಿದ್ದೆ. ಹಿಂದೆಲ್ಲ ಬೆಕ್ಕಿನ ಮೇಲೆ ಹಾಕುತ್ತಿದ್ದೆ. ಬೆಕ್ಕು ಡಬ್ಬದ ಮುಚ್ಚಳ ಹೇಗೆ ತೆಗೆಯಿತೆಂದು ಯಾರೂ ಕೇಳಿರಲಿಲ್ಲ. ಈ ವರ್ಷ ಪ್ರಿನ್ಸ್ ಇತ್ತು.

ಪ್ರಿನ್ಸ್ ಗ್ರೇಹೌಂಡ್ ಜಾತಿಯ ನಾಯಿ. ಎದುರಿನ ರೈಲ್ವೆ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಡ್ರೈವರ್ ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ಅದರ ಸರಪಳಿಯನ್ನು ನನ್ನ ಕೈಗಿಟ್ಟು ಅತ್ತುಬಿಟ್ಟಿದ್ದ. ಅಳುವವರಿಗೆ ಆಗದು ಎನ್ನಲು ನನಗೆ ಬರುವುದಿಲ್ಲ. ಸೊಂಟದೆತ್ತರದ ಪ್ರಾಣಿ, ಹಿಂಗಾಲ ಮೇಲೆ ನಿಂತರೆ ಬೆಕ್ಕಿಗೆ ಎಟುಕದಿರಲೆಂದು ತೂಗುಹಾಕಿದ ನೆಲವಿನ ಗಡಿಗೆಯೂ ಅದರ ಬಾಯಿಗೆ ಸಿಗುತ್ತಿತ್ತು. ಬಂದ ವಾರದಲ್ಲೇ ಒಂದು ಕುಡಿಕೆ ಬೆಣ್ಣೆಯನ್ನೂ ಒಣಗಲು ಹಾಕಿದ್ದ ಕೊಬ್ಬರಿಯನ್ನೂ ಕದ್ದು ತಿಂದು ಹಿತ್ತಿಲನ್ನೆಲ್ಲ ಕೆಡಿಸಿತ್ತು. ಆಮೇಲೆ ದನದಾಸ್ಪತ್ರೆಯ ಇಂದುಧರ ಡಾಕ್ಟರು ಹೇಳಿದಂತೆ ದಿನಕ್ಕೆ ಮೂರು ಹೊತ್ತು ಸ್ವಲ್ಪ ಸ್ವಲ್ಪವೇ ಗಂಜಿ ಹಾಕುತ್ತ ಬಂದೆ. ಹೊಟ್ಟೆ ನೆಟ್ಟಗಾಯಿತು, ಕಳ್ಳತನವೂ ನಿಂತಿತು. ನಿಂತದ್ದು ನನಗೊಬ್ಬನಿಗೇ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ರಮಾಮಣಿ ತೆರೆದ ಡಬ್ಬವನ್ನು ನೋಡಿದಳು, ಹಿತ್ತಿಲ ಬಾಗಿಲಲ್ಲಿದ್ದ ಪ್ರಿನ್ಸನ್ನು ನೋಡಿದಳು. ಅದು ಬಾಲ ಅಲ್ಲಾಡಿಸಿತು.

"ನಾಯಿ ಮೂತಿ ಹಾಕಿದ್ದನ್ನ ದೇವರ ಮುಂದೆ ಇಡಕ್ಕಾಗತ್ತೇನ್ರೀ? ಎರಡು ದಿನದಿಂದ ಒಲೆ ಮುಂದೆ ಕೂತು ಬೆನ್ನು ಬಿದ್ದುಹೋಗಿದೆ." ಅವಳ ಕಣ್ಣಲ್ಲಿ ನೀರು ಬಂತು. "ಹಬ್ಬ ಆದ ಮಾರನೇ ದಿನ ಇದನ್ನ ಬಾಣಾವರದ ದೇವೀರಪ್ಪನೋರ ತೋಟಕ್ಕೆ ಕಳಿಸಿಬಿಡಿ. ತೆಂಗಿನ ಮರಕ್ಕೆ ಕಟ್ಟಿ ಹಾಕ್ಕೊಳ್ಳಲಿ."

ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿ, ನನ್ನ ನಾಲಿಗೆಯ ದೆಸೆಯಿಂದ ಸಾಯುವವರೆಗೆ ಒಂದು ಮರದ ಬುಡದಲ್ಲಿ ಇರಬೇಕು. ನಾನು ಆಗಲೇ ನಿಜ ಹೇಳಬೇಕಿತ್ತು. ಉಂಡೆ ನುಂಗಿ ಆಗಲೆಂದು ಕಾದೆ. ನುಂಗುವಷ್ಟರಲ್ಲಿ ಧೈರ್ಯವೂ ಅದರ ಜತೆಗೇ ಒಳಗೆ ಹೋಯಿತು.

ಮೀಸಲು ಕೆಟ್ಟ ಮೇಲೆ ಉಂಡೆ, ಚಕ್ಕುಲಿ ಸಮೇತ ಇಡೀ ಡಬ್ಬ ಹೊರಗೆ ಹೋಗಬೇಕು. ಹಸುವಿಗೆ ಹಾಕಿ ಬನ್ನಿ ಎಂದು ರಮಾಮಣಿ ಅದನ್ನು ನನ್ನ ಕೈಗೇ ಕೊಟ್ಟಳು. ಕೊಟ್ಟಿಗೆಯಲ್ಲಿ ಇನ್ನೆರಡು ಉಂಡೆ ಮುಗಿಸಿ, ಕೈ ತೊಳೆಯಲು ಬಾವಿಕಟ್ಟೆಗೆ ಹೋಗಿ ಬಂದೆ. ಡಬ್ಬ ಖಾಲಿ. ನಾನು ಹೇಳಿದ್ದ ಸುಳ್ಳನ್ನು ಪ್ರಿನ್ಸ್ ನಿಜ ಮಾಡಿತ್ತು. ಸಂಜೆಯ ಹೊತ್ತಿಗೆ ಅದರ ಹೊಟ್ಟೆ ಉಬ್ಬಿಕೊಂಡಿತು. ವಾಂತಿ, ಭೇದಿ, ನಿಲ್ಲಲೂ ತ್ರಾಣವಿಲ್ಲ. ಜಟಕಾದಲ್ಲಿ ಹಾಕಿಕೊಂಡು ದನದಾಸ್ಪತ್ರೆಗೆ ಓಡಿದೆ.

"ತುಪ್ಪದ ಉಂಡೆ, ಎಣ್ಣೇಲಿ ಕರಿದ ಚಕ್ಕುಲಿ! ಇದರ ಕರುಳು ತಡ್ಕೊಳ್ಳತ್ತೇನ್ರೀ ಮೇಷ್ಟ್ರೇ?" ಎಂದು ಇಂದುಧರ ಡಾಕ್ಟರು ಗದರಿದರು. "ಇಲ್ಲೇ ಬಿಟ್ಟು ಹೋಗಿ. ಉಳಿದ್ರೆ ನಾಡಿದ್ದು ಬೆಳಿಗ್ಗೆ ಬನ್ನಿ."

ಉಳಿದರೆ ಎಂಬ ಮಾತು ಮನೆಯವರೆಗೂ ಕಿವಿಯಲ್ಲಿತ್ತು.  ಇನ್ನು ಈ ಜನ್ಮದಲ್ಲಿ ಮೀಸಲಿಗೆ ಕೈ ಹಾಕುವುದಿಲ್ಲವೆಂದು ನಡುಬೀದಿಯಲ್ಲಿ ನಿಂತು ಆಣೆ ಮಾಡಿಕೊಂಡೆ.

ಆಣೆ ಮಾರನೆಯ ದಿನ ಮಧ್ಯಾಹ್ನದವರೆಗೆ ಬಾಳಿತು. ರಮಾಮಣಿ ಸೆರಗು ಬಿಗಿದು ಮತ್ತೆ ರವೆ ಹುರಿದು ಉಂಡೆ ಕಟ್ಟಿಟ್ಟಿದ್ದಳು. ಅವಳು ನೀರಿಗೆ ಹೋದ ಗಳಿಗೆಯಲ್ಲಿ ನನ್ನ ಕೈ ತನ್ನ ಪಾಡಿಗೆ ತಾನು ಡಬ್ಬಕ್ಕೆ ಹೋಯಿತು. ಮುಚ್ಚಳ ಜಾರಿ ಠಣ್ಣೆಂದು ಬಿತ್ತು. ಅವಳು ಓಡಿಬಂದಳು. ಅಭ್ಯಾಸ ನೋಡಿ, ನಾನು ಕೂಗಿಯೇ ಬಿಟ್ಟೆ: "ನೋಡೇ, ಆ ಪ್ರಿನ್ಸು ಮತ್ತೆ!"

ಹಿತ್ತಿಲ ಗೂಟದಲ್ಲಿ ಬರೀ ಸರಪಳಿ ಇತ್ತು. ರಮಾಮಣಿ ಅದನ್ನು ನೋಡಿದಳು, ನನ್ನ ಮೀಸೆಗೆ ಅಂಟಿದ್ದ ರವೆಯನ್ನು ನೋಡಿದಳು.

"ಆಸ್ಪತ್ರೆಯಿಂದ ಬಂದು ತಿಂದ್ಕೊಂಡು ಹೋಯ್ತಾ?"

ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹೋಗಿ ಮತ್ತೆ ತಲೆಗೆ ನೀರು ಸುರಿದುಕೊಂಡು ಬಂದು, ಮೂರನೆಯ ಸಲ ಒಲೆಯ ಮೇಲೆ ಬಾಣಲೆ ಇಟ್ಟಳು.

ಹಬ್ಬದ ಬೆಳಿಗ್ಗೆ ಪ್ರಿನ್ಸನ್ನು ಕರೆತಂದೆ. ಬದುಕಿತ್ತು, ತೂರಾಡುತ್ತ ಬಂದು ಜಗಲಿಯ ಕೆಳಗೆ ಮಲಗಿತು. ನಾಯಿಯ ಗಾಳಿ ಸೋಕಿದರೂ ಸ್ನಾನಕ್ಕೆ ಓಡುವ ರಮಾಮಣಿ ಹೊರಗೆ ಬಂದು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಗಂಜಿಯ ಬಟ್ಟಲಿಟ್ಟು ತಲೆ ಸವರಿದಳು.

"ದೇವೀರಪ್ಪನೋರಿಗೆ ಹೇಳಿಕಳಿಸಿ, ಇವನನ್ನ ಎಲ್ಲಿಗೂ ಕಳಿಸಲ್ಲ ಅಂತ" ಎಂದಳು. ಆಮೇಲೆ, ಅಂದು ಬೆಳಿಗ್ಗೆ ತಾನೇ ಉಂಡೆಯ ಡಬ್ಬ ಒಳಗಿಟ್ಟು ಉಗ್ರಾಣಕ್ಕೆ ಜಡಿದಿದ್ದ ಹೊಸ ಬೀಗದ ಕೈಯನ್ನು ಸೊಂಟದಿಂದ ತೆಗೆದು, ಪ್ರಿನ್ಸಿನ ಕೊರಳಪಟ್ಟಿಗೆ ಎರಡು ಗಂಟು ಹಾಕಿ ಕಟ್ಟಿದಳು.

ಅವಳು ಸ್ನಾನಕ್ಕೆ ಹೋದ ಮೇಲೆ ನಾನು ಹಲ್ಲುಗಿಂಜುತ್ತ "ಪ್ರಿನ್ಸ್..." ಎಂದು ಮೆಲ್ಲಗೆ ಕೈ ಚಾಚಿದೆ. ಗಂಜಿಯ ಬಟ್ಟಲಿನಿಂದ ತಲೆಯೆತ್ತದೆ, ಮೊದಲ ಸಲ, ಅದು ನನ್ನ ಮೇಲೆ ಗುರ್ರೆಂದಿತು.