ಏಳನೇ ಚೌಕ

ಏಳನೇ ಚೌಕಕ್ಕೆ ಎರಡನೇ ಸಲ ಕೆಂಪು ಬಿತ್ತು.

ಪರದೆಯ ಮೇಲೆ ಹನ್ನೆರಡು ಚೌಕ, ಹನ್ನೆರಡು ಮನೆ, ಹನ್ನೆರಡು ತಗ್ಗಿದ ತಲೆ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಗೆ ಕಚೇರಿಯಿಂದ ಕಾವಲು ಕಾಯುತ್ತಿದ್ದವಳು ಪರದೆಗೆ ಇನ್ನಷ್ಟು ಬಗ್ಗಿದಳು. ದೂರಶಿಕ್ಷಣ ವಿಭಾಗದಲ್ಲಿ ಅವಳನ್ನು ಎಲ್ಲರೂ ಡಬಲ್ ಚೆಕ್ ಎಂದೇ ಕರೆಯುವುದು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಎಳೆದು ನೋಡುವವಳು. ಕೆಂಪು ಗುರುತಿನ ಕೆಳಗೆ ಸಾಫ್ಟ್‌ವೇರ್ ಬರೆದಿತ್ತು: 'ಕೋಣೆಯಲ್ಲಿ ಬೇರೊಬ್ಬರ ದನಿ.' ಮೂರನೇ ಸಲ ಬಿದ್ದರೆ ಅದು ಯಾರನ್ನೂ ಕೇಳದೆ ಪತ್ರಿಕೆ ಮುಚ್ಚಿಬಿಡುತ್ತದೆ. ಎರಡನೇ ಸಲಕ್ಕೆ ಮೂರು ನಿಮಿಷ ಕೊಡುತ್ತದೆ. ಅಷ್ಟರಲ್ಲಿ ಕಾವಲಿನವರು ವಿಚಾರಿಸಿ 'ರದ್ದು' ಇಲ್ಲವೇ 'ಮುಂದುವರಿಸಿ' ಒತ್ತಬೇಕು.

ಆ ಚೌಕದ ಹೆಂಗಸು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಬೇರೆ ದೇಶದವಳು, ಬೇರೆ ಮಾತಿನವಳು. ಡಬಲ್ ಚೆಕ್ ತಯಾರಿಸಿದ ಪಾಠಗಳನ್ನೇ ಎರಡು ವರ್ಷ ಫೋನಿನಲ್ಲಿ ಕೇಳಿ ಕಲಿತು ಇವತ್ತು ಕೊನೇ ಪತ್ರಿಕೆಗೆ ಕೂತಿದ್ದಳು. ಪಾಸಾದರೆ ವಾರ್ಡಿನಲ್ಲಿ ದಾದಿಯರಿಗೆ ಸಹಾಯಕಿ. ನಕಲು ಎಂದು ರದ್ದಾದರೆ ಮತ್ತೆಂದೂ ಪರೀಕ್ಷೆಗೆ ಕೂರುವ ಹಾಗಿಲ್ಲ.

ಡಬಲ್ ಚೆಕ್ ಮೈಕು ಒತ್ತಿದಳು. "ಅಮ್ಮಾ, ನಿಮ್ಮ ಜೊತೆ ಯಾರಿದ್ದಾರೆ?"

ಫೋನಿನಲ್ಲಿ ಉತ್ತರ ಒತ್ತುತ್ತಿದ್ದ ಹೆಂಗಸಿನ ಬೆರಳು ನಿಂತಿತು. "ಯಾರೂ ಹೇಳಿಕೊಡ್ತಿಲ್ಲ ಮೇಡಂ."

"ನಾನು ಕೇಳಿದ್ದು ಅದಲ್ಲ. ಯಾರಿದ್ದಾರೆ ಅಂತ. ಫೋನ್ ಎತ್ತಿ ಒಂದ್ಸಲ ಸುತ್ತ ತೋರ್ಸಿ."

"ತೋರ್ಸಿದ್ರೆ ನಿಲ್ಲಿಸ್ತೀರಾ?"

"ತೋರಿಸದಿದ್ರೆ ನಿಲ್ಲಿಸಲೇಬೇಕಾಗುತ್ತೆ." ತನ್ನ ದನಿ ಪೊಲೀಸ್ ಠಾಣೆಯವರ ದನಿಯ ಹಾಗೆ ಕೇಳಿಸಿ ಅವಳಿಗೇ ಕಸಿವಿಸಿಯಾಯಿತು.

ಚಿತ್ರ ಓಲಾಡಿತು. ಇದ್ದದ್ದು ಒಂದೇ ಕೋಣೆ. ಒಲೆ, ಹಗ್ಗದ ಮೇಲೆ ಒದ್ದೆ ಬಟ್ಟೆ, ಸುತ್ತಿಟ್ಟ ಹಾಸಿಗೆಗಳು. ಆಮೇಲೆ ಎದುರಿನ ಗೋಡೆ. ಅದರ ಬುಡದಲ್ಲಿ ಸಾಲಾಗಿ ಐದು ಬೆನ್ನು. ಅಗಲವಾದದ್ದು ಗಂಡನದಿರಬೇಕು. ಪಕ್ಕದಲ್ಲಿ ಜಡೆ ಹಾಕಿದ ಇಬ್ಬರು ಹುಡುಗಿಯರು, ಒಂದು ಪುಟ್ಟ ಬೋಳು ತಲೆ, ತುದಿಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡ ಮುದುಕಿ. ಐವರೂ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಒಬ್ಬರೂ ಅಲುಗಲಿಲ್ಲ.

"ಅತ್ತೆಗೆ ಕೆಮ್ಮು ಮೇಡಂ. ಹೊರಗೆ ಕಳಿಸೋಣ ಅಂದ್ರೆ ಮೂರು ಗಂಟೆ ಎಲ್ಲಿ ಕೂತ್ಕೋತಾರೆ? ಪತ್ರಿಕೆ ಕಾಣಬಾರದು ಅಂತ ಆ ಕಡೆ ತಿರುಗಿದ್ದಾರೆ. ಬೆಳಗ್ಗೆ ಹತ್ತರಿಂದ ಹೀಗೇ."

ಕಚೇರಿಯಲ್ಲಿ ಡಬಲ್ ಚೆಕ್ ಬೆನ್ನ ಹಿಂದೆ ಕುರ್ಚಿಗೆ ಕೈಯೂರಿದ ಸದ್ದು. ವಿಭಾಗದ ಮುಖ್ಯಸ್ಥರು ಬಗ್ಗಿ ಪರದೆ ನೋಡುತ್ತಿದ್ದರು.

"ಇದರಲ್ಲಿ ಯೋಚನೆ ಏನ್ರೀ? ನಿಯಮ ಒಂಬತ್ತು. ಕೋಣೆಯಲ್ಲಿ ಅಭ್ಯರ್ಥಿ ಒಬ್ಬರೇ ಇರತಕ್ಕದ್ದು. ನೀವೇ ಬರೆದಿದ್ದು."

"ಹೌದು ಸರ್. ಬರೆದು ಎರಡು ಸಲ ಓದಿದ್ದೆ ಕೂಡ."

"ಮತ್ತೆ? ಬೇರೆ ಬೇರೆ ಸಂಸ್ಕೃತಿಯವರಿಗೆ ಹೇಗೆ ಕಲಿಸಬೇಕು ಅಂತ ವರ್ಷಕ್ಕೆರಡು ಸಲ ನಮ್ಮನ್ನೆಲ್ಲ ಕೂರಿಸ್ಕೊಂಡು ತಲೆ ತಿಂತೀರಲ್ಲ, ಪರೀಕ್ಷೆ ಕೋಣೇಲಿ ಐದು ಜನ ಕೂರೋದು ಯಾವ ಸಂಸ್ಕೃತಿ?"

"ಅದು ಸಂಸ್ಕೃತಿ ಅಲ್ಲ ಸರ್. ಬಾಡಿಗೆ."

ಮುಖ್ಯಸ್ಥರು ದನಿ ತಗ್ಗಿಸಿದರು. "ನೋಡಿ, ರೆಕಾರ್ಡಿಂಗ್ ತಪಾಸಣೆಯವರ ಕೈಗೆ ಹೋಗುತ್ತೆ. ಒಂಬತ್ತು ವರ್ಷ ಗುತ್ತಿಗೆಯಲ್ಲಿ ದುಡಿದಿದ್ದೀರಿ, ಕಾಯಂ ಮಾಡೋ ಪಟ್ಟೀಲಿ ಈಗ ಹೆಸರು ಬಂದಿದೆ. ಯಾರಿಗೋಸ್ಕರವೋ ಅದನ್ನ ಕೆಡಿಸ್ಕೋಬೇಡಿ. ರದ್ದು ಒತ್ತಿ."

ನಲವತ್ತು ಸೆಕೆಂಡು ಉಳಿದಿತ್ತು. ಆ ಐವರಲ್ಲಿ ಒಬ್ಬರೂ ಉತ್ತರ ಪಿಸುಗುಟ್ಟಿಲ್ಲ ಎಂದು ಏನು ಖಾತ್ರಿ? ಬೆನ್ನು ನೋಡಿ ಯಾರನ್ನಾದರೂ ನಂಬಲಾದೀತೆ? ಸಂಜೆ ಕಾಲೇಜಿನ ದಿನಗಳಲ್ಲಿ ತಾನು ಓದಿದ್ದು ಅಕ್ಕನ ಮನೆಯ ಅಡುಗೆಕಟ್ಟೆಯ ಮೇಲೆ. ಸದ್ದಾಗಬಾರದೆಂದು ಭಾವ ತಟ್ಟೆಯ ಕೆಳಗೆ ಬಟ್ಟೆ ಮಡಚಿಟ್ಟುಕೊಂಡು ಉಣ್ಣುತ್ತಿದ್ದರು. ನಿಯಮ ಬರೆಯುವಾಗ ಆ ಬಟ್ಟೆ ಯಾಕೆ ನೆನಪಾಗಲಿಲ್ಲ? ಹನ್ನೆರಡು ಸೆಕೆಂಡು. ಅವಳು 'ಮುಂದುವರಿಸಿ' ಒತ್ತಿದಳು. ಕಾರಣ ಕೇಳುವ ಚೌಕ ತೆರೆಯಿತು. 'ಐದು ಜನ ಇದ್ದಾರೆ. ಯಾರೂ ಹೇಳಿಕೊಡುತ್ತಿಲ್ಲ. ದನಿಯ ಎಚ್ಚರಿಕೆ ನಿಲ್ಲಿಸಿದ್ದೇನೆ. ಹೊಣೆ ನನ್ನದು.' ಮತ್ತೊಮ್ಮೆ ಓದಿದರೆ ಧೈರ್ಯ ಇಳಿದೀತೆಂದು ಹಾಗೇ ಕಳಿಸಿಬಿಟ್ಟಳು.

"ನಿಮ್ಮಿಷ್ಟ," ಎಂದು ಮುಖ್ಯಸ್ಥರು ಹೊರಟುಹೋದರು.

ಮೈಕಿನ ಹಸಿರು ದೀಪ ಉರಿಯುತ್ತಲೇ ಇದ್ದದ್ದು ಅವಳಿಗೆ ಕಂಡದ್ದು ಆಗ. ಇಷ್ಟು ಹೊತ್ತೂ ಅದನ್ನು ಆರಿಸಿಯೇ ಇರಲಿಲ್ಲ.

"ಬರೀರಿ ಅಮ್ಮಾ," ಎಂದಳು. "ಇನ್ನೂ ನಲವತ್ತು ನಿಮಿಷ ಇದೆ. ಅತ್ತೆಗೆ ಹೇಳಿ, ಕೆಮ್ಮು ಬಂದ್ರೆ ಕೆಮ್ಮಲಿ. ಎಲ್ಲರೂ ಈ ಕಡೆ ತಿರುಗಿ ಆರಾಮಾಗಿ ಕೂತ್ಕೊಳ್ಳಲಿ."

ಹೆಂಗಸು ತನ್ನ ಮಾತಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಮುದುಕಿ ಟವೆಲ್ ಸರಿಸಿ, ಗೋಡೆಯ ಕಡೆಗೇ ಮುಖವಿಟ್ಟು ಎರಡು ಮಾತಾಡಿ, ಮತ್ತೆ ಟವೆಲ್ ಒತ್ತಿಕೊಂಡಳು. ಯಾರೂ ತಿರುಗಲಿಲ್ಲ.

"ಬೇಡವಂತೆ ಮೇಡಂ," ಎಂದಳು ಹೆಂಗಸು, ಫೋನನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತ. "ನಿಮ್ಮ ಸಾಹೇಬರು ಅಂದಿದ್ದು ಕೇಳಿಸ್ತು, ಅತ್ತೆಗೂ ಹೇಳ್ದೆ. ನಾಳೆ ಯಾರಾದ್ರೂ ನಿಮ್ಮನ್ನ ವಿಚಾರಿಸಿದ್ರೆ, 'ಅವರು ಯಾರಂತ ಗೊತ್ತಿಲ್ಲ, ನಾನು ಅವರ ಮುಖಾನೇ ನೋಡಿಲ್ಲ' ಅಂತ ಹೇಳೋಕೆ ನಿಮಗೊಂದು ದಾರಿ ಇರ್ಲಿ ಅಂತಾರೆ."