ಬಾಗಿಲ ಹಿಂದಿನ ಉತ್ತರ

ಪ್ರಶ್ನೆ ಕೇಳಿ ಒಂದು ನಿಮಿಷವಾಗಿತ್ತು. ಅಣ್ಣ ಇನ್ನೂ ಬಾಯಿ ತೆರೆದಿರಲಿಲ್ಲ.

ಆಂಡಾಳು ಬಾಗಿಲ ಹಿಂದೆ ಹಲ್ಲು ಕಚ್ಚಿ ಕೂತಿದ್ದಳು. ಬಸವನಗುಡಿಯ ಆ ಹೆಣ್ಣುಮಕ್ಕಳ ಪಾಠಶಾಲೆ ನಡೆಯುತ್ತಿದ್ದುದು ಒಂದು ಬಾಡಿಗೆ ಮನೆಯಲ್ಲಿ. ನಡುಮನೆಯಲ್ಲಿ ಕಮಿಟಿಯ ಅಧ್ಯಕ್ಷರು, ಪಕ್ಕದಲ್ಲಿ ಮೆಂಬರ್ ನಂಜಪ್ಪನವರು. ಎದುರಿಗೆ ಅವಳ ಅಣ್ಣ ಚಕ್ರಪಾಣಿ; ಅವನ ಕುರ್ಚಿ ಒಳಕೋಣೆಯ ಬಾಗಿಲಿಗೆ ತಾಗಿಕೊಂಡಿತ್ತು. ಒಳಗೆ ಚಾಪೆಯ ಮೇಲೆ ಅವಳು. ಮರ್ಯಾದಸ್ಥರ ಮನೆಯ ವಿಧವೆ ಪರಗಂಡಸರ ಎದುರು ಕೂತು ಮಾತಾಡುವ ಪದ್ಧತಿ 1911ರಲ್ಲಿ ಇರಲಿಲ್ಲ. ಅರ್ಜಿ ಬರೆದವಳು ಅವಳು, ಸಹಿ ಅಣ್ಣನದು. ಓದಿದವಳು ಅವಳು, ಉತ್ತರ ಹೇಳಬೇಕಾದವನು ಅಣ್ಣ.

"ತಂಗಿಯವರ ಪರವಾಗಿ ನೀವೇ ಹೇಳಿ ಅಂದೆ, ಚಕ್ರಪಾಣಿಯವರೆ," ಅಧ್ಯಕ್ಷರು ಮತ್ತೆ ಕೇಳಿದರು. "ಈ ಕೆಲಸ ಯಾಕೆ ಬೇಕು?"

ನಾಲ್ಕು ದಿನದಿಂದ ಇದೊಂದೇ ಪ್ರಶ್ನೆಗೆ ಅವಳು ಅಣ್ಣನನ್ನು ತಯಾರು ಮಾಡಿದ್ದಳು. ಚಾಮರಾಜಪೇಟೆಯಿಂದ ಬರುವಾಗ ಜಟಕಾದಲ್ಲಿ ಇನ್ನೆರಡು ಸಲ ಹೇಳಿಸಿದ್ದಳು.

"ಹೆಣ್ಣುಮಕ್ಕಳ ಉದ್ಧಾರ..." ಎಂದ ಚಕ್ರಪಾಣಿ. ಅಲ್ಲಿಗೇ ನಿಂತ.

"ಬೆಳಗಿಂದ ನಾಲ್ಕು ಜನ ಉದ್ಧಾರ ಮಾಡಿ ಹೋದ್ರು," ಎಂದರು ನಂಜಪ್ಪ. "ಬೇರೇನಾದ್ರೂ ಇದ್ರೆ ಹೇಳಿ."

ಆಂಡಾಳಿಗೆ ಮೈ ಉರಿಯಿತು. ಗಂಡ ಪ್ಲೇಗಿನಲ್ಲಿ ಹೋದಾಗ ಅವಳಿಗೆ ಹದಿನೈದು. ಆಮೇಲಿನ ಹದಿಮೂರು ವರ್ಷ ಅಣ್ಣನ ಮನೆಯ ಅಡುಗೆ. ಒಲೆಯ ಮುಂದೆ ಕೂತೇ ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಹಿಂದಿದ್ದ ಪಂಡಿತರು ಮೈಸೂರಿಗೆ ಹೋದದ್ದರಿಂದ ಈ ಜಾಗ ಖಾಲಿಯಾಗಿತ್ತು. ಇದು ತಪ್ಪಿದರೆ ಇನ್ನೊಂದು ಯಾವಾಗಲೋ. ಅಣ್ಣ ಇನ್ನೊಮ್ಮೆ ಕರೆತರುತ್ತಾನೆಂಬ ನಂಬಿಕೆಯೂ ಇರಲಿಲ್ಲ. ಈ ಸಲವೇ ಹದಿನೈದು ದಿನ ಗೋಗರೆದಿದ್ದಳು.

ಅವಳು ಬಾಗಿಲ ಸಂದಿಗೆ ಬಾಯಿಟ್ಟಳು. "ಮಗ್ಗಿ ಉರು ಹೊಡೆಸಿದ್ರೆ ಲೆಕ್ಕ ಬರಲ್ಲ ಅನ್ನು."

ಚಕ್ರಪಾಣಿ ಕೆಮ್ಮಿದ. "ಮಗ್ಗಿ ಉರು ಹೊಡೆಸಿದ್ರೆ ಲೆಕ್ಕ ಬರೋದಿಲ್ಲ ಸ್ವಾಮಿ."

"ಮತ್ತೆ ಹೇಗೆ ಬರತ್ತೆ?" ಅಧ್ಯಕ್ಷರ ಕುರ್ಚಿ ಕಿರುಗುಟ್ಟಿತು.

ಅವಳು ಪಿಸುಗುಟ್ಟಿದಳು. ಅವನು ಒಪ್ಪಿಸಿದ. "ಕೂಡೋದು ಕಳೆಯೋದಕ್ಕೆ ಹುಣಸೆ ಬೀಜ ಕೊಡ್ಬೇಕು. ಭಿನ್ನರಾಶಿಗೆ ಸೇರು, ಪಾವು. ಮಕ್ಕಳು ಅಕ್ಕಿ ಅಳೆದು ತಾವೇ ಕಂಡ್ಕೋತಾರೆ."

"ಅದು ಸರಿ. ಆದ್ರೆ ನಾನು ಕೇಳಿದ್ದು ಹೇಗೆ ಕಲಿಸ್ತೀರಿ ಅಂತಲ್ಲ, ಕೆಲಸ ಯಾಕೆ ಬೇಕು ಅಂತ."

ನಾಲ್ಕು ದಿನ ತಿದ್ದಿ ತೀಡಿದ ಉತ್ತರ ಆಂಡಾಳಿಗೇ ಮರೆತುಹೋಯಿತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದಳು. ಚಕ್ರಪಾಣಿ ಅದನ್ನೂ ಒಂದಕ್ಷರ ಬಿಡದೆ, ಅಂಗಡಿ ಸಾಮಾನಿನ ಪಟ್ಟಿ ಓದುವವನಂತೆ ಹೇಳಿದ.

"ಗೊತ್ತಿರೋದನ್ನ ಯಾರಿಗೂ ಹೇಳದೆ ಒಳಗೇ ಇಟ್ಕೊಂಡು ಕೂತ್ರೆ ಉಸಿರು ಕಟ್ಟತ್ತೆ. ಅದಕ್ಕೇ ಬೇಕು."

ಕೆಡಿಸಿಬಿಟ್ಟೆ ಅಂದುಕೊಂಡಳು.

"ಯೋಚನೆ ಮಾಡಿ ಮಾತಾಡ್ತೀರಿ," ಎಂದರು ನಂಜಪ್ಪ, ಮೆಲ್ಲಗೆ.

ಯೋಚನೆ ಯಾರದೆಂದು ಅವರಿಗೆ ಗೊತ್ತಿರಲೇಬೇಕಲ್ಲ. ಬಾಗಿಲು ಅಷ್ಟೇನೂ ದಪ್ಪವಿರಲಿಲ್ಲ. ಆಂಡಾಳಿಗೆ ಸ್ವಲ್ಪ ಜೀವ ಬಂತು.

ಕಮಿಟಿಯವರಿಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು. ಕಿವಿಗೊಟ್ಟರೂ ಕೇಳಲಿಲ್ಲ. ಆಮೇಲೆ ಬಂದ ಪ್ರಶ್ನೆಗಳು ಸಣ್ಣಪುಟ್ಟವು.

"ವಯಸ್ಸೆಷ್ಟು?"

"ಮೂವತ್ತೇಳು."

ಆಂಡಾಳು ಬೆಚ್ಚಿದಳು. ಅಣ್ಣ ಒಂದೇ ಏಟಿಗೆ ಒಂಬತ್ತು ವರ್ಷ ಸೇರಿಸಿದ್ದ. ಬಾಗಿಲು ತಟ್ಟಿ ತಿದ್ದಬೇಕೆನಿಸಿತು. ಆಮೇಲೆ ತಡೆದುಕೊಂಡಳು. ಸಣ್ಣ ವಯಸ್ಸಿನ ವಿಧವೆ ಎಂದರೆ ಹಿಂಜರಿದಾರು. ಬದುಕಿನಲ್ಲಿ ಮೊದಲ ಸಲ ಅಣ್ಣ ಜಾಣತನ ತೋರಿಸಿದ್ದ.

"ಮನೇಲಿ ಮಕ್ಕಳು?"

"ಇಬ್ರು. ಇಬ್ರೂ ಹೆಣ್ಣು. ಮನೇಲೇ ಪಾಠ ಆಗ್ತಿದೆ."

ಇದು ನಿಜ. ಅಣ್ಣನ ಮಕ್ಕಳಿಗೆ ಆ ಪಾಠ ಹೇಳುತ್ತಿದ್ದವಳು ಅವಳೇ. ಅಷ್ಟನ್ನೂ ಸೇರಿಸಿ ಹೇಳಬಾರದೇ ಎಂದು ಮುಷ್ಟಿ ಬಿಗಿದಳು.

"ಸದ್ಯ ಬೇರೆ ಎಲ್ಲಾದ್ರೂ ಕೆಲಸ ಇದೆಯೋ?"

"ಎಲ್ಲೂ ಇಲ್ಲ ಸ್ವಾಮಿ."

ಇದೆಂಥ ಪ್ರಶ್ನೆ. ಅಡುಗೆಮನೆ ಬಿಟ್ಟರೆ ಇನ್ನೆಲ್ಲಿರುತ್ತದೆ?

"ಹತ್ತು ಗಂಟೆಗೆ ಸರಿಯಾಗಿ ಬರೋಕಾಗತ್ತೆ ತಾನೆ?"

"ಆಗತ್ತೆ."

"ನಿಮ್ಮಂಥೋರು ಸಿಕ್ಕೋದು ಕಷ್ಟ," ಎಂದರು ಅಧ್ಯಕ್ಷರು. "ಕಾಗದ ಹಾಕ್ತೀವಿ."

ಇಬ್ಬರೂ ಮನೆಗೆ ಜಟಕಾ ಹತ್ತಿದರು. "ಮೂವತ್ತೇಳು ಅಂದ್ಯಲ್ಲ, ಒಳ್ಳೇದೇ ಮಾಡ್ದೆ," ಎಂದಳು ಆಂಡಾಳು. ಅವನು ಕುದುರೆಯ ಬೆನ್ನು ನೋಡುತ್ತ ಕೂತಿದ್ದ.

ಎಂಟು ದಿನ ಅಂಚೆಯವನು ಮನೆ ದಾಟಿಯೇ ಹೋದ. ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಅತ್ತಿಗೆಯ ಬಾಯಿಗೆ ಸಿಕ್ಕಳು. ಒಂಬತ್ತನೆಯ ದಿನ, ಶುಕ್ರವಾರ, ಅಂಚೆಯವನು ನಿಂತ. ಚಕ್ರಪಾಣಿ ಜಗಲಿಯಲ್ಲೇ ಲಕೋಟೆ ಒಡೆದು ಓದಿದ. ಮತ್ತೊಮ್ಮೆ ಓದಿದ. ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

"ಸಿಕ್ತು," ಎಂದ.

ಅವಳು ಒಲೆ ಉರಿ ತಗ್ಗಿಸಿದಳು. ಏನೋ ದೊಡ್ಡ ಮಾತು ಹೇಳಬೇಕೆನಿಸಿತು. ಬಂದದ್ದು ಮಾತ್ರ ಸಣ್ಣದು. "ದಿನಾ ಜಟಕಾ ಯಾಕೆ ಅಣ್ಣ, ನಡ್ಕೊಂಡೇ ಹೋಗ್ಬಹುದು. ಎಂದಿನಿಂದ ಬಾ ಅಂದಿದಾರೆ?"

"ಸೋಮವಾರದಿಂದ."

ಚಕ್ರಪಾಣಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದ. ಮತ್ತೆ ಬಿಚ್ಚಿದ. ಅವಳ ಮುಖ ನೋಡಲಿಲ್ಲ.

"ಆರ್ಡರ್ ನನ್ನ ಹೆಸರಿಗೆ ಬಂದಿದೆ, ಆಂಡಾಳು. ಮೊದಲನೇ ದಿನ ಏನು ಪಾಠ ಹೇಳ್ಲಿ? ಸ್ವಲ್ಪ ನಿಧಾನವಾಗಿ ಹೇಳು, ಬರ್ಕೋತೀನಿ."